ಸಾವಯವ ಅಂಗಡಿಯ ಬಿಲ್ಲು: ಯಾವ ಕಪಾಟಿಗೆ ಎಷ್ಟು ದುಡ್ಡು?

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕು ಜನರ ಸಂಸಾರ ನಮ್ಮದು. ನಾನು, ಯಜಮಾನರು, ಅತ್ತೆ, ನಾಲ್ಕು ವರ್ಷದ ಮಗಳು. ಮನೆ ಹತ್ತಿರ ದೊಡ್ಡ ಸಾವಯವ ಅಂಗಡಿ ಶುರುವಾದ ಮೇಲೆ ದಿನಸಿ, ತರಕಾರಿ, ಹಣ್ಣು ಎಲ್ಲವನ್ನೂ ಅಲ್ಲಿಂದಲೇ ತರುತ್ತಿದ್ದೇನೆ. ಮೊದಲು ತಿಂಗಳಿಗೆ 9,000 ರೂಪಾಯಿಯಲ್ಲಿ ಮುಗಿಯುತ್ತಿದ್ದದ್ದು ಈಗ 19,000 ದಾಟುತ್ತಿದೆ. ಯಜಮಾನರು ಇದೆಲ್ಲ ಮೋಸ ಅನ್ನುತ್ತಾರೆ. ಪಾವಗಡದ ಕಡೆಯವರಾದ ಅತ್ತೆ ಬಿಲ್ಲು ನೋಡಿದಾಗಲೆಲ್ಲ ‘ರಾಗಿಗೂ ಇಷ್ಟೊಂದು ದುಡ್ಡಾ, ನಮ್ಮ ಕಾಲದಲ್ಲಿ ಎಲ್ಲವೂ ಸಾವಯವವೇ ಆಗಿತ್ತು’ ಅಂತ ಗೊಣಗುತ್ತಾರೆ. ಮಗುವಿನ ವಿಷಯದಲ್ಲಿ ಜಿಪುಣತನ ಮಾಡಲು ನನಗೆ ಮನಸ್ಸಿಲ್ಲ. ಎಲ್ಲವನ್ನೂ ಅಲ್ಲೇ ಕೊಳ್ಳಬೇಕೆ? ನಿಜವಾದ ಸಾವಯವ ಅಂತ ತಿಳಿಯುವುದು ಹೇಗೆ? ಹೋದ ತಿಂಗಳು ತಂದ ಅಕ್ಕಿಯಲ್ಲಿ ಹುಳ ಬಂದಿದೆ, ವಾಪಸ್ ಕೊಡಲೇ? ಬಿಲ್ಲಿನ ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಬಿಲ್ಲನ್ನು ಸಾಲು ಸಾಲಾಗಿ ಓದಿದೆ. ಯಜಮಾನರು ಹೇಳಿದಂತೆ ಎಲ್ಲವೂ ಮೋಸವಲ್ಲ. ಹಾಗಂತ 19,000 ಖರ್ಚು ಮಾಡುವ ಅಗತ್ಯವೂ ನಿಮಗಿಲ್ಲ. ನನ್ನ ಅಂದಾಜಿನಲ್ಲಿ ಮೂರರಲ್ಲಿ ಒಂದು ಪಾಲು ಸರಿಯಾದ ಕಡೆ ಹೋಗಿದೆ. ಇನ್ನೊಂದು ಪಾಲು ಹೋಗಿದ್ದು ಬೇರೆ ಕಡೆ ಅರ್ಧ ಬೆಲೆಗೆ ಹೆಚ್ಚುಕಮ್ಮಿ ಅಂಥದ್ದೇ ಮಾಲು ಸಿಗುವಂಥವಕ್ಕೆ. ಉಳಿದದ್ದು ಬಿಸ್ಕತ್ತು, ಪಿಂಕ್ ಸಾಲ್ಟ್, ನೂಡಲ್ಸ್‌ಗೆ. ಅಂಗಡಿಯನ್ನು ಪೂರ್ತಿ ನಂಬುವುದೂ ಬೇಡ, ಪೂರ್ತಿ ಬಿಡುವುದೂ ಬೇಡ. ಒಂದೊಂದು ಪದಾರ್ಥ ಹೊಲದಲ್ಲಿ ಹೇಗೆ ಬೆಳೆಯುತ್ತದೆ, ಆಮೇಲೆ ಮಿಲ್ಲಿನಲ್ಲೋ ಗಾಣದಲ್ಲೋ ಆಲೆಮನೆಯಲ್ಲೋ ಅದಕ್ಕೇನಾಗುತ್ತದೆ ಎನ್ನುವುದನ್ನು ನೋಡಿ ಕಪಾಟಿನಿಂದ ಕಪಾಟಿಗೆ ಲೆಕ್ಕ ಹಾಕಬೇಕು. ಸಾವಯವ ಪ್ರಮಾಣೀಕರಣದ ತಪಾಸಣೆಗೆಂದು ವರ್ಷಗಟ್ಟಲೆ ಹೊಲ ಸುತ್ತಿದವನು ನಾನು. ಹಾಗಾಗಿ ನನ್ನ ಉತ್ತರ ಹೊಲದ ಕಡೆಯಿಂದಲೇ ಶುರುವಾಗುತ್ತದೆ.

ಅತ್ತೆಯವರ ರಾಗಿಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅವರು ಹೇಳುವುದು ಸರಿ. ಬಿಲ್ಲಿನಲ್ಲಿ ರಾಗಿ ಹಿಟ್ಟು ಕೆಜಿಗೆ 110 ರೂಪಾಯಿ ಇದೆ. ನಮ್ಮಲ್ಲಿ ರಾಗಿ ಬಹುಪಾಲು ಮಳೆಯಾಶ್ರಿತ ಬೆಳೆ. ಬಿತ್ತುವಾಗ ಒಂದಿಷ್ಟು ಡಿಎಪಿ, ಮೇಲುಗೊಬ್ಬರವಾಗಿ ಒಂದಿಷ್ಟು ಯೂರಿಯಾ ಹಾಕುತ್ತಾರೆ. ಆದರೆ ರಾಗಿ ಹೊಲಕ್ಕೆ ವಾರ ವಾರ ಪಂಪು ಹೊತ್ತು ಔಷಧಿ ಹೊಡೆಯುವ ರೈತರು ಅಪರೂಪ. ಹೊಡೆಯುವಷ್ಟು ಕೀಟದ ಕಾಟವೂ ಅದಕ್ಕಿಲ್ಲ, ಹೊಡೆದರೆ ಗಿಟ್ಟುವುದೂ ಇಲ್ಲ. ನವಣೆ, ಸಾಮೆ, ಹಾರಕ, ಕೊರಲೆ, ಬರಗು ಇವೂ ಹಾಗೆಯೇ. ಸಾವಯವ ರಾಗಿಗೂ ಸಾಧಾರಣ ರಾಗಿಗೂ ನಿಮ್ಮ ತಟ್ಟೆಯಲ್ಲಿ ಬೀಳುವ ವ್ಯತ್ಯಾಸ ಬಹಳ ಕಡಿಮೆ. ಒಳ್ಳೆಯ ರಾಗಿ ಕಾಳು ತಂದು, ಕಲ್ಲು ಆರಿಸಿ, ತೊಳೆದು ಒಣಗಿಸಿ, ಬೀದಿಯ ಹಿಟ್ಟಿನ ಗಿರಣಿಯಲ್ಲಿ ಬೀಸಿಸಿಕೊಳ್ಳಿ. ಸಿರಿಧಾನ್ಯದಲ್ಲಿ ಒಂದು ಮಾತು ಮಾತ್ರ ನೆನಪಿರಲಿ: ಬಿಳಿ ಮುತ್ತಿನ ಹಾಗೆ ಪಾಲಿಶ್ ಆದ ಸಾಮೆ, ನವಣೆಯಲ್ಲಿ ತೌಡು ಹೋಗಿಬಿಟ್ಟಿರುತ್ತದೆ. ಅದನ್ನು ಎಷ್ಟೇ ದುಬಾರಿ ಅಂಗಡಿಯಲ್ಲಿ ಕೊಂಡರೂ ಅನ್ನಕ್ಕಿಂತ ಹೆಚ್ಚಿನದೇನೂ ಸಿಗದು. ಮಾಸಲು ಬಣ್ಣದ, ತೌಡು ಉಳಿದಿರುವ ಸಿರಿಧಾನ್ಯದ ಅಕ್ಕಿಯನ್ನು ಕೇಳಿ ತೆಗೆದುಕೊಳ್ಳಿ.

‘ನಮ್ಮ ಕಾಲದಲ್ಲಿ ಎಲ್ಲವೂ ಸಾವಯವ’ ಎನ್ನುವುದು ಮಾತ್ರ ಅರ್ಧ ನಿಜ. ಬಿಎಚ್‌ಸಿ ಎಂಬ ಕೀಟನಾಶಕ ಪುಡಿಯ ವಾಸನೆ ಆ ತಲೆಮಾರಿನ ರೈತಾಪಿ ಮನೆಗಳಿಗೆ ಚೆನ್ನಾಗಿ ಗೊತ್ತು. ಹೊಲಕ್ಕೆ ಎರಚಿ ಉಳಿದದ್ದನ್ನು ಕಾಳಿನ ಚೀಲಕ್ಕೂ ಸವರುತ್ತಿದ್ದರು. ಅದು ನಿಷೇಧವಾದದ್ದು 1997ರಲ್ಲಿ. ಡಿಡಿಟಿಯನ್ನು ಬೇಸಾಯದಲ್ಲಿ ನಿಲ್ಲಿಸಿದ್ದು 1989ರಲ್ಲಿ. ಅತ್ತೆಯವರ ಹತ್ತಿರ ಇದನ್ನು ವಾದ ಮಾಡಲು ಹೋಗಬೇಡಿ, ಸುಮ್ಮನೆ ತಿಳಿದಿರಲಿ ಅಂತ ಹೇಳಿದೆ.

ಈಗ ದುಡ್ಡು ಹಾಕಲೇಬೇಕಾದ ಕಡೆಗೆ ಬರೋಣ. ಟೊಮೆಟೊ, ಹೂಕೋಸು, ಎಲೆಕೋಸು, ಬದನೆ, ಬೆಂಡೆ, ಹಸಿಮೆಣಸಿನಕಾಯಿ, ದಪ್ಪಮೆಣಸಿನಕಾಯಿ, ದ್ರಾಕ್ಷಿ. ಇವು ಔಷಧಿಯ ಮೇಲೇ ನಿಂತಿರುವ ಬೆಳೆಗಳು. ಕೋಲಾರದ ಟೊಮೆಟೊ ತೋಟವನ್ನೇ ನೋಡಿ. ಎಲೆ ಮುಟುರು ರೋಗ ಹರಡುವ ಬಿಳಿನೊಣಕ್ಕೆ ಒಂದು, ಅಂಗಮಾರಿಗೆ ಒಂದು, ಕಾಯಿಕೊರಕಕ್ಕೆ ಒಂದು, 2014ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಟೂಟಾ ಹುಳಕ್ಕೆ ಮತ್ತೊಂದು. ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಬಿಡಬೇಕು ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಮಂಡಿಯಲ್ಲಿ ಬಾಕ್ಸಿಗೆ ರೇಟು ಏರಿದ ದಿನ ಆ ಲೆಕ್ಕ ಯಾರಿಗೆ ನೆನಪಿರುತ್ತದೆ? ದ್ರಾಕ್ಷಿಗೆ ಬೂಜು ತುಪ್ಪಟ, ಬೂದಿರೋಗ ಎರಡರ ಕಾಟ. ಜೊತೆಗೆ ಕಾಯಿ ಉದ್ದವಾಗಲಿ ಅಂತ ಗೊಂಚಲನ್ನೇ ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದುತ್ತಾರೆ. ದ್ರಾಕ್ಷಿಯನ್ನು ಸಿಪ್ಪೆ ಸುಲಿದು ತಿನ್ನುವವರಿಲ್ಲ. ನಾಲ್ಕು ವರ್ಷದ ಮಗು ತನ್ನ ತೂಕಕ್ಕೆ ಹೋಲಿಸಿದರೆ ನಿಮಗಿಂತ ಹೆಚ್ಚು ಹಣ್ಣು ತಿನ್ನುತ್ತದೆ, ಹಾಗಾಗಿ ಶೇಷವೂ ಅದರ ಮೈಗೆ ಹೆಚ್ಚೇ ಸೇರುತ್ತದೆ. ಮಗುವಿಗಾಗಿ ಖರ್ಚು ಮಾಡುವುದಿದ್ದರೆ ಸಿಪ್ಪೆ ಸಮೇತ ತಿನ್ನುವ ಹಣ್ಣಿಗೆ, ಹಸಿಯಾಗಿ ತಿನ್ನುವ ತರಕಾರಿಗೆ ಮಾಡಿ. ಬಾಳೆಹಣ್ಣು, ಕಲ್ಲಂಗಡಿ, ಹಲಸು, ತೆಂಗಿನಕಾಯಿ, ಸಿಹಿಗುಂಬಳಕ್ಕೆ ಸಾವಯವ ಅಂತ ಎರಡರಷ್ಟು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಕೊತ್ತಂಬರಿ, ಪುದೀನ, ಕರಿಬೇವು ಮನೆಯವರು ಅಷ್ಟಾಗಿ ಯೋಚಿಸದ ಪದಾರ್ಥಗಳು, ಚಟ್ನಿಗೆ ಹಸಿಯಾಗಿಯೇ ಬೀಳುತ್ತವೆ. ವ್ಯಾಪಾರಕ್ಕೆಂದು ಬೆಳೆಯುವ ಕರಿಬೇವಿನ ತೋಟಗಳಲ್ಲಿ ಔಷಧಿ ಚೆನ್ನಾಗಿಯೇ ಬೀಳುತ್ತದೆ. ಇದಕ್ಕೆ ಅಂಗಡಿಯೂ ಬೇಡ, ಬಾಲ್ಕನಿಯಲ್ಲಿ ಒಂದು ಕರಿಬೇವಿನ ಗಿಡ, ಎರಡು ಕುಂಡ ಪುದೀನ ಸಾಕು. ಸೊಪ್ಪಿನದು ಇನ್ನೊಂದು ಕಥೆ. ಬೆಂಗಳೂರಿನ ಸುತ್ತ ಚರಂಡಿ ನೀರು ಸೇರುವ ಕೆರೆಗಳ ಕೆಳಗೆ ದಂಟು, ಪಾಲಕ್, ಮೆಂತ್ಯ ಹುಲುಸಾಗಿ ಬೆಳೆಯುತ್ತವೆ. ಆ ನೀರಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳಿದ್ದರೆ ಅವು ಬೇರಿನಿಂದಲೇ ಎಲೆಯೊಳಗೆ ಸೇರುತ್ತವೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಸೊಪ್ಪು ಕೊಳ್ಳುವಾಗ ‘ಸಾವಯವವಾ?’ ಅನ್ನುವುದಕ್ಕಿಂತ ಮೊದಲು ‘ಯಾವ ಊರಿನದು, ಬೋರ್‌ವೆಲ್ ನೀರಾ?’ ಅಂತ ಕೇಳಿ. ದುಬಾರಿ ಅಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಹೆಚ್ಚಿನ ಬೆಲೆ ಕೊಡಬಹುದು. ಕೌಂಟರಿನ ಹುಡುಗ ಮೇಲೆ ಕೆಳಗೆ ನೋಡಿದರೆ ಮುಂದಕ್ಕೆ ಹೋಗಿ.

ನಿಜವಾದ ಸಾವಯವ ಅಂತ ತಿಳಿಯುವುದು ಹೇಗೆ ಅಂದಿರಿ. ಕಣ್ಣಿನಿಂದ ತಿಳಿಯುವುದಿಲ್ಲ, ನಾಲಿಗೆಯಿಂದಲೂ ತಿಳಿಯುವುದಿಲ್ಲ. ಹುಳ ಕಚ್ಚಿದ ಬದನೆಕಾಯಿ ಅಂದರೆ ಸಾವಯವ ಅಂತ ಬಹಳ ಜನ ನಂಬಿದ್ದಾರೆ. ಐದು ಸಲ ಔಷಧಿ ಹೊಡೆದ ಬದನೆಯಲ್ಲೂ ಕಾಯಿಕೊರಕ ಇರುತ್ತದೆ, ಅದಕ್ಕೇ ತಾನೇ ಆರನೇ ಸಲ ಹೊಡೆಯುವುದು! ಉಳಿದಿರುವ ದಾರಿ ಕಾಗದದ್ದು. ಕೈಯಲ್ಲಿ ನಿಮ್ಮ ತೊಗರಿಬೇಳೆ ಪೊಟ್ಟಣ ಹಿಡಿದುಕೊಳ್ಳಿ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮದ ಪ್ರಕಾರ ಸಾವಯವ ಅಂತ ಮಾರುವ ಪೊಟ್ಟಣದ ಮೇಲೆ ‘ಜೈವಿಕ್ ಭಾರತ್’ ಗುರುತು ಇರಬೇಕು. ಅದರ ಜೊತೆಗೆ ಎರಡರಲ್ಲಿ ಒಂದು ಪದ್ಧತಿಯ ಗುರುತು ಕಾಣಬೇಕು. ಒಂದು, ವಾಣಿಜ್ಯ ಸಚಿವಾಲಯದಡಿ ಕೃಷಿ ರಫ್ತು ಸಂಸ್ಥೆ ಅಪೆಡಾ ನೋಡಿಕೊಳ್ಳುವ ಎನ್‌ಪಿಒಪಿ, ಅಂದರೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಇದರದು ‘ಇಂಡಿಯಾ ಆರ್ಗ್ಯಾನಿಕ್’ ಮುದ್ರೆ, ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು, ‘ಎನ್‌ಪಿಒಪಿ/ಎನ್‌ಎಬಿ’ ಎಂದು ಶುರುವಾಗುವ ಮಾನ್ಯತಾ ಸಂಖ್ಯೆ. ಇನ್ನೊಂದು, ಕೃಷಿ ಸಚಿವಾಲಯದ ಪಿಜಿಎಸ್. ಇದರಲ್ಲಿ ಹೊರಗಿನ ತಪಾಸಕ ಬರುವುದಿಲ್ಲ, ಒಂದೇ ಊರಿನ, ಅಕ್ಕಪಕ್ಕದ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಕೊಡುತ್ತಾರೆ. ಪಿಜಿಎಸ್‌ನಲ್ಲಿ ‘ಗ್ರೀನ್’ ಅಂತಿದ್ದರೆ ಹೊಲ ಇನ್ನೂ ಪರಿವರ್ತನೆಯ ಹಂತದಲ್ಲಿದೆ ಎಂದರ್ಥ. ಎನ್‌ಪಿಒಪಿಯಲ್ಲಿ ವಾರ್ಷಿಕ ಬೆಳೆಗೆ ಬಿತ್ತನೆಗೆ ಮೊದಲು ಎರಡು ವರ್ಷ, ತೋಟದ ಬೆಳೆಗೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ರಾಸಾಯನಿಕ ಬಿಟ್ಟಿರಬೇಕು. ಆ ಎರಡು ಮೂರು ವರ್ಷ ರೈತನಿಗೆ ಇಳುವರಿ ಕಡಿಮೆ, ಬೆಲೆಯೂ ಸಾವಯವದ್ದು ಸಿಗುವುದಿಲ್ಲ. ನೀವು ಕೊಡುವ ಹೆಚ್ಚಿನ ಬೆಲೆಯಲ್ಲಿ ಒಂದು ಭಾಗ ಆ ನಷ್ಟದ್ದು, ಇನ್ನೊಂದು ಭಾಗ ಕಳೆ ಕೀಳುವ ಕೂಲಿಯದ್ದು. ಮತ್ತೊಂದು ಭಾಗ, ದೊಡ್ಡದೇ, ಅಂಗಡಿಯ ಬಾಡಿಗೆ, ಎಸಿ, ಮಾರಾಟವಾಗದೆ ಬಾಡಿ ಬಿಸಾಡಿದ ಸೊಪ್ಪಿನದ್ದು.

ಈ ಗುರುತುಗಳು ನೂರಕ್ಕೆ ನೂರು ಖಾತ್ರಿಯೇ? ಅಲ್ಲ, ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ. ಎನ್‌ಪಿಒಪಿಯಲ್ಲಿ ಒಂದು ಗುಂಪಿನಲ್ಲಿ 25ರಿಂದ 500 ರೈತರವರೆಗೆ ಇರಬಹುದು. ತಪಾಸಕ ಎಲ್ಲರ ಹೊಲಕ್ಕೂ ಹೋಗುವುದಿಲ್ಲ, ಕೆಲವರದನ್ನು ಆರಿಸಿ ನೋಡುತ್ತಾನೆ. ಉಳಿದವರದು ಗುಂಪಿನ ಒಳಗಿನ ಲೆಕ್ಕಪುಸ್ತಕದ ಮೇಲೆ ನಡೆಯುತ್ತದೆ. ನಾನು ಹೊಲಕ್ಕೆ ಹೋದಾಗ ಬೆಳೆ ನೋಡುವುದಕ್ಕಿಂತ ಮೊದಲು ಪಂಪ್‌ಸೆಟ್ ಮನೆಯ ಮೂಲೆ, ಬೇಲಿ ಬುಡ, ಬಾವಿಯ ಪಕ್ಕ ನೋಡುತ್ತಿದ್ದೆ. ಖಾಲಿ ಔಷಧಿ ಬಾಟಲಿಗಳು ಬೀಳುವುದು ಅಲ್ಲೇ. ಮನೆಯಲ್ಲಿ ಹಸುಗಳಿಲ್ಲ, ಹಿಂಡಿ ಕೊಂಡ ರಸೀದಿ ಇಲ್ಲ, ತಿಪ್ಪೆಗುಂಡಿ ಇಲ್ಲ, ಆದರೂ ಎಕರೆಗೆ ಅಕ್ಕಪಕ್ಕದವರಷ್ಟೇ ಇಳುವರಿ ಬರೆದಿದ್ದಾರೆ ಅಂದರೆ ಪ್ರಶ್ನೆ ಕೇಳಬೇಕು ಅಂತಲೇ ಲೆಕ್ಕ. ಆದರೂ ಏನೂ ಗುರುತಿಲ್ಲದ ಪೊಟ್ಟಣಕ್ಕಿಂತ ಗುರುತಿರುವುದು ಎಷ್ಟೋ ವಾಸಿ, ಏಕೆಂದರೆ ಹಿಂದಕ್ಕೆ ಹುಡುಕಿಕೊಂಡು ಹೋಗಲು ಒಂದು ದಾರಿಯಾದರೂ ಇರುತ್ತದೆ.

ಇನ್ನು ಬಿಡಿ ತರಕಾರಿ. ಪೊಟ್ಟಣವೇ ಇಲ್ಲದ ಮೇಲೆ ಗುರುತು ಎಲ್ಲಿಂದ? ಅಂಗಡಿಯ ಮ್ಯಾನೇಜರನ್ನು ಎರಡೇ ಮಾತು ಕೇಳಿ: ಇದು ಯಾವ ರೈತರ ಗುಂಪಿನದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಕೀಟನಾಶಕ ಶೇಷದ ಪರೀಕ್ಷೆ ಕೊನೆಗೆ ಯಾವಾಗ ಮಾಡಿಸಿದ್ದೀರಿ. ಆ ಪರೀಕ್ಷೆ ದುಬಾರಿ, ಪ್ರತಿ ಲೋಡಿಗೂ ಯಾರೂ ಮಾಡಿಸುವುದಿಲ್ಲ. ಆದರೆ ಆಗಾಗ ಮಾಡಿಸುವ ಅಂಗಡಿಯವರು ವರದಿಯನ್ನು ಸಂತೋಷದಿಂದ ತೋರಿಸುತ್ತಾರೆ. ಮತ್ತೆ ಹಂಗಾಮು ನೋಡಿ. ವರ್ಷದ ಹನ್ನೆರಡು ತಿಂಗಳೂ ಒಂದೇ ಅಳತೆಯ, ಒಂದೂ ಕಲೆಯಿಲ್ಲದ ಹೂಕೋಸು, ಟೊಮೆಟೊ, ಬೀನ್ಸ್ ತುಂಬಿಟ್ಟಿರುವ ಸಾವಯವ ಅಂಗಡಿಯನ್ನು ನಾನು ನಂಬುವುದಿಲ್ಲ. ಮಳೆಗಾಲದಲ್ಲಿ ‘ಮೇಡಂ, ಈ ವಾರ ಹೂಕೋಸು ಬಂದಿಲ್ಲ’ ಅನ್ನುವ ಅಂಗಡಿಗೆ ಹೋಗಿ.

ಪೊಟ್ಟಣದ ಮೇಲಿನ ಬೇರೆ ಮಾತುಗಳಿಗೆ ಬೆಲೆ ಕಟ್ಟುವಾಗ ಹುಷಾರು. ‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’, ‘ಅಜ್ಜಿ ಕಾಲದ’, ‘ಕೆಮಿಕಲ್ ಫ್ರೀ’ ಅನ್ನುವುದಕ್ಕೆಲ್ಲ ಸಾವಯವ ಪ್ರಮಾಣಪತ್ರ ಬೇಕಿಲ್ಲ. ಭೌಗೋಳಿಕ ಸೂಚಿಯೂ ಸಾವಯವದ ಖಾತ್ರಿಯಲ್ಲ. ಬ್ಯಾಡಗಿ ಮೆಣಸಿನಕಾಯಿಗೂ ಕಲಬುರಗಿ ತೊಗರಿಬೇಳೆಗೂ ಆ ಮಾನ್ಯತೆ ಇದೆ, ಅದು ಊರಿನ, ತಳಿಯ ಹೆಗ್ಗಳಿಕೆ ಮಾತ್ರ. ಮೆಣಸಿನಕಾಯಿಗಂತೂ ನುಸಿ, ಥ್ರಿಪ್ಸ್ ಕಾಟಕ್ಕೆ ಔಷಧಿ ಧಾರಾಳವಾಗಿ ಬೀಳುತ್ತದೆ. ಅಡುಗೆಮನೆಯಲ್ಲಿ ಪ್ರತಿದಿನ ಬಳಸುವ ಪದಾರ್ಥ ಬೇರೆ. ಒಣಮೆಣಸಿನಕಾಯಿ, ಅರಿಸಿನ, ಜೀರಿಗೆ, ಏಲಕ್ಕಿಯನ್ನು ಸಾವಯವದ್ದೇ ಕೊಳ್ಳಿ ಅಂತ ಹೇಳುತ್ತೇನೆ. ತಿಂಗಳಿಗೆ ಹಿಡಿಯುವುದು ಸ್ವಲ್ಪವೇ, ಬಿಲ್ಲಿನ ಮೇಲೆ ಭಾರ ಬೀಳುವುದಿಲ್ಲ. ಅರಿಸಿನ ಪುಡಿಯ ಬದಲು ಕೊಂಬು ತಂದು ಪುಡಿ ಮಾಡಿಸಿ. ಹಳದಿ ಹೊಳಪಿಗೆ ಲೆಡ್ ಕ್ರೋಮೇಟ್ ಬೆರೆಸುವ ಚಾಳಿ ನಮ್ಮ ಉಪಖಂಡದಲ್ಲಿ ಇದೆ. ಕೊಂಬಿನ ಮೇಲೂ ಹೊಳಪಿನ ಹಳದಿ ಲೇಪ ಇದ್ದರೆ ಬಿಡಿ. ಮಾಸಲಾಗಿ, ಒರಟಾಗಿ ಇರುವುದು ಒಳ್ಳೆಯದು.

ಸಾವಯವ ಅಂದರೆ ಏನೂ ಹೊಡೆಯುವುದೇ ಇಲ್ಲ ಅನ್ನುವುದೂ ತಪ್ಪು ತಿಳಿವಳಿಕೆ. ಬೇವಿನೆಣ್ಣೆ, ಬ್ಯಾಸಿಲಸ್ ಜೀವಾಣುವಿನಿಂದ ಮಾಡಿದ ಕೀಟನಾಶಕಕ್ಕೆ ಅವಕಾಶ ಇದೆ. ಮಲೆನಾಡಿನವರು ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಅದಕ್ಕೂ ಮಿತಿಯೊಳಗೆ ಅವಕಾಶ ಇದೆ. ಹಾಗಾಗಿ ಸಾವಯವ ತರಕಾರಿಯನ್ನೂ ತೊಳೆದೇ ಬಳಸಬೇಕು. ತೊಳೆಯುವ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ: ಅಂಗಡಿಯಲ್ಲಿ ಮಾರುವ ‘ವೆಜಿಟೆಬಲ್ ವಾಶ್’ ಬಾಟಲಿ ಬೇಡ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ನೋಡಿದಾಗ, ನೀರಿಗೆ ನೂರಕ್ಕೆ ಒಂದು ಪಾಲು ಅಡುಗೆ ಸೋಡಾ ಬೆರೆಸಿ ಹನ್ನೆರಡು ಹದಿನೈದು ನಿಮಿಷ ನೆನೆಸಿದ್ದು ಸಿಪ್ಪೆಯ ಮೇಲಿದ್ದ ಎರಡು ಕೀಟನಾಶಕಗಳನ್ನು ಬರೀ ನೀರಿಗಿಂತ ಚೆನ್ನಾಗಿ ತೆಗೆಯಿತು. ಸಿಪ್ಪೆಯೊಳಗೆ ಇಳಿದದ್ದು ಮಾತ್ರ ಹೋಗಲಿಲ್ಲ. ಲೀಟರ್ ನೀರಿಗೆ ಎರಡು ಟೀ ಚಮಚ ಸೋಡಾ, ಆಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದರೆ ಸಾಕು.

ನಿಮ್ಮ ಬಿಲ್ಲಿನಲ್ಲಿ ನನಗೆ ಬಹಳ ಇಷ್ಟವಾದ ಸಾಲು ಗಾಣದ ಕಡಲೆಕಾಯಿ ಎಣ್ಣೆ, ಲೀಟರಿಗೆ 380. ಇಲ್ಲಿ ಲೆಕ್ಕ ನೀವೇ ಹಾಕಬಹುದು. ಮರದ ಗಾಣದಲ್ಲಿ ಒಂದು ಲೀಟರ್ ಎಣ್ಣೆ ಬರಲು ಎರಡೂವರೆ ಕೆಜಿ ಆಸುಪಾಸು ಬೀಜ ಬೇಕು. ಬೀಜ ಕೆಜಿಗೆ 120 ರೂಪಾಯಿ ಅಂತ ಹಿಡಿಯಿರಿ, ಅಲ್ಲಿಗೇ 300 ಆಯಿತು. ಹಿಂಡಿ ಮಾರಿದರೆ 50–60 ವಾಪಸ್ ಬರಬಹುದು. ಗಾಣದ ಕೂಲಿ, ಕರೆಂಟು, ಬಾಟಲಿ, ಸಾಗಾಟ, ಅಂಗಡಿಯ ಪಾಲು ಸೇರಿಸಿದರೆ 380 ಅನ್ಯಾಯದ ಬೆಲೆಯಲ್ಲ. ಯಾರಾದರೂ ‘ಶುದ್ಧ ಗಾಣದ ಎಣ್ಣೆ, ಲೀಟರಿಗೆ 220’ ಅಂದರೆ ಬೀಜ ಎಲ್ಲಿಂದ ತಂದರು ಅಂತ ಅವರನ್ನೇ ಕೇಳಿ. ಆದರೆ ನಿಮ್ಮ ಬಾಟಲಿಯ ಮೇಲೆ ಬರೆದಿರುವುದು ‘ಕೋಲ್ಡ್ ಪ್ರೆಸ್ಡ್’ ಅಂತ ಮಾತ್ರ, ಸಾವಯವ ಅಂತ ಎಲ್ಲಿಯೂ ಇಲ್ಲ. ಸಾವಯವ ಬೆಲೆ ಕೊಟ್ಟೆ ಅಂದುಕೊಂಡಿರಬೇಡಿ. ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಬೂಜು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ರಿಫೈನ್ ಮಾಡುವಾಗ ಅದು ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಒಂದಿಷ್ಟು ಉಳಿಯಬಹುದು. ಹಾಗಾಗಿ ಗಾಣದ ಎಣ್ಣೆಯ ಗುಣವೆಲ್ಲ ಬೀಜದ ಗುಣ. ಅತ್ತೆಯವರ ತವರು ಕಡಲೆಕಾಯಿ ಸೀಮೆ. ಸುಗ್ಗಿ ಮುಗಿದ ಮೇಲೆ ಚೆನ್ನಾಗಿ ಒಣಗಿದ ಕಾಯಿ ಅಲ್ಲಿಂದಲೇ ತರಿಸಿ, ಸುಲಿಸಿ, ಸುಕ್ಕಿದ್ದು ಬೂಜಿದ್ದು ಆರಿಸಿ ತೆಗೆದು, ಕಣ್ಣೆದುರಿಗೇ ಗಾಣಕ್ಕೆ ಹಾಕಿಸಿ. ಆ ಕೆಲಸವನ್ನು ಅತ್ತೆಯವರಿಗೇ ವಹಿಸಿ, ಗೊಣಗಾಟವೂ ಅರ್ಧ ಕಡಿಮೆಯಾದೀತು.

ಬೆಲ್ಲದಲ್ಲಿ ಸಾವಯವಕ್ಕೆ ದುಡ್ಡು ಕೊಡಬಹುದು, ಬಣ್ಣಕ್ಕೆ ಕೊಡಬೇಡಿ. ಮಂಡ್ಯದ ಕಡೆ ಆಲೆಮನೆಗೆ ಹೋದರೆ ನೋಡುತ್ತೀರಿ: ಕೊಪ್ಪರಿಗೆಯಲ್ಲಿ ಹಾಲು ಕುದಿಯುವಾಗ, ಕಬ್ಬಿನ ರಸಕ್ಕೆ ಅಲ್ಲಿ ಹಾಗೇ ಅನ್ನುವುದು, ಒಂದಿಷ್ಟು ಸುಣ್ಣ ಬೀಳುತ್ತದೆ. ಮಡ್ಡಿ ಮೇಲಕ್ಕೆ ಬರಲಿ ಅಂತ ಬೆಂಡೆ ಗಿಡದ ಲೋಳೆ ಹಾಕುವವರು ಇದ್ದಾರೆ. ತೊಂದರೆ ಇರುವುದು ಹೈಡ್ರೋಸ್‌ನಲ್ಲಿ. ಪಾಕ ಹದಕ್ಕೆ ಬರುವಾಗ ಆ ಬಿಳಿ ಪುಡಿಯನ್ನು ಉದುರಿಸಿದರೆ ಕಂದು ಬಣ್ಣ ಕಣ್ಣೆದುರಿಗೇ ಚಿನ್ನದ ಬಣ್ಣಕ್ಕೆ ತಿರುಗುತ್ತದೆ, ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ. ಕೊಳ್ಳುವವರು ಹಳದಿ ಬೆಲ್ಲ ಬೇಡ ಅನ್ನತೊಡಗಿದ್ದರಿಂದ ಈಗ ಕಪ್ಪು ಬೆಲ್ಲಕ್ಕೆ ಗಿರಾಕಿ ಜಾಸ್ತಿ. ಕಪ್ಪು ಮಾಡುವುದೇನು ಕಷ್ಟ? ಪಾಕ ಸೀದರೂ ಕಪ್ಪಾಗುತ್ತದೆ, ಹಳೆಯ ಬೆಲ್ಲ ಕರಗಿಸಿ ಮತ್ತೆ ಅಚ್ಚಿಗೆ ಹೊಯ್ದರೂ ಕಪ್ಪಾಗುತ್ತದೆ, ಅಗ್ಗದ ಸಕ್ಕರೆ ಬೆರೆಸುವವರೂ ಇದ್ದಾರೆ. ಪ್ರಮಾಣಪತ್ರದ ಗುರುತಿರುವ ಬೆಲ್ಲ ಕೊಳ್ಳಿ, ಕಂದೋ ಕಪ್ಪೋ ತಲೆ ಕೆಡಿಸಿಕೊಳ್ಳಬೇಡಿ. ಎಂಥ ಬೆಲ್ಲವಾದರೂ ಸಕ್ಕರೆ ಕಾಯಿಲೆಯವರಿಗೆ ಅದು ಸಕ್ಕರೆಯೇ.

ಎ2 ತುಪ್ಪಕ್ಕೆ 2,400 ಕೊಟ್ಟಿದ್ದೀರಿ. ಆಹಾರ ಪ್ರಾಧಿಕಾರ 2024ರ ಆಗಸ್ಟ್‌ನಲ್ಲಿ ಎ1, ಎ2 ಅಂತ ಪೊಟ್ಟಣದ ಮೇಲೆ ಬರೆಯಬೇಡಿ ಎಂದು ಸೂಚನೆ ಹೊರಡಿಸಿ, ಕೆಲವೇ ದಿನಗಳಲ್ಲಿ ವಾಪಸ್ ಪಡೆಯಿತು. ಎ2 ಎನ್ನುವುದು ಹಾಲಿನ ಒಂದು ಪ್ರೋಟೀನಿನ ಬಗೆ. ತುಪ್ಪದಲ್ಲಿರುವುದು ಹೆಚ್ಚುಕಮ್ಮಿ ಬರೀ ಕೊಬ್ಬು, ಪ್ರೋಟೀನೇ ಇಲ್ಲದ ಪದಾರ್ಥಕ್ಕೆ ಪ್ರೋಟೀನಿನ ಹೆಸರಲ್ಲಿ ಬೆಲೆ! ಬೆಣ್ಣೆ ತಂದು ಕಾಯಿಸಿ, ಇಳಿಸುವಾಗ ವೀಳ್ಯದೆಲೆ ಹಾಕಿ, ಅದಕ್ಕಿಂತ ಒಳ್ಳೆಯ ತುಪ್ಪ ನನಗೆ ಗೊತ್ತಿಲ್ಲ. ಹಾಲಿನ ಕಲಬೆರಕೆಯ ಭಯದಿಂದ ದುಬಾರಿ ಹಾಲಿಗೆ ಹೋಗಿದ್ದರೆ ಈ ಅಂಕಿ ನೋಡಿ: 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳಲ್ಲಿ ಸುರಕ್ಷತೆಗೆ ಧಕ್ಕೆ ತರುವ ಕಲಬೆರಕೆ ಕಂಡದ್ದು ಬರೀ 12ರಲ್ಲಿ. ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದ್ದು 368ರಲ್ಲಿ. ಅದು ಬರುವುದು ಬೂಜು ಹಿಡಿದ ಹಿಂಡಿ, ಮೇವಿನಿಂದ. ಗಾಜಿನ ಬಾಟಲಿಯಲ್ಲಿ ತುಂಬಿ ಮಾರಿದ ಮಾತ್ರಕ್ಕೆ ಅದು ತಪ್ಪುವುದಿಲ್ಲ.

ಪಿಂಕ್ ಸಾಲ್ಟ್ ಬಹುತೇಕ ಸೋಡಿಯಂ ಕ್ಲೋರೈಡೇ, ಮಾಮೂಲಿಯಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಬೆಳೆಯುವ ಮಗು ಇರುವ ಮನೆಯಲ್ಲಿ ದಿನದ ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ. ಸಿರಿಧಾನ್ಯದ ನೂಡಲ್ಸ್, ರಾಗಿ ಕುಕ್ಕೀಸ್ ಪೊಟ್ಟಣವನ್ನು ತಿರುಗಿಸಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ಇದೆ. ಮೊದಲು ಗೋಧಿ ಹಿಟ್ಟು, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ, ಅದಾದ ಮೇಲೆ ರಾಗಿ ಬಂದರೆ ನೀವು ಕೊಂಡದ್ದು ಗೋಧಿ ಬಿಸ್ಕತ್ತು. ಚಿಯಾ ಬೀಜಕ್ಕೆ ವಿದೇಶಿ ಹೆಸರಿನ ಪೊಟ್ಟಣ ಬೇಡ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರೋತ್ಸಾಹದಿಂದ ಮೈಸೂರು, ಹೆಗ್ಗಡದೇವನಕೋಟೆ ಕಡೆ ರೈತರೇ ಅದನ್ನು ಬೆಳೆಯುತ್ತಾರೆ. ಜೇನುತುಪ್ಪ ಗಟ್ಟಿಯಾದರೆ ಕಲಬೆರಕೆ ಅಂತ ಬಿಸಾಡಬೇಡಿ, ಅಪ್ಪಟ ಜೇನೂ ಚಳಿಗೆ ಹರಳುಗಟ್ಟುತ್ತದೆ.

ಆರೋಗ್ಯದ ಲಾಭ ಎಷ್ಟು ಅಂತ ಯಜಮಾನರು ಕೇಳಿಯೇ ಕೇಳುತ್ತಾರೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಪೋಷಕಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಕೀಟನಾಶಕ ಶೇಷ ಮಾತ್ರ ಸಾವಯವದಲ್ಲಿ ಕಡಿಮೆ ಎಂದಿತು. 2014ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ತಂಡ 343 ಪ್ರಬಂಧಗಳನ್ನು ನೋಡಿ, ಆಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದಿತು. ವಿಟಮಿನ್ ಹೆಚ್ಚು ಸಿಗುತ್ತದೆ ಅಂತ ಸಾವಯವ ಕೊಳ್ಳಬೇಡಿ, ಶೇಷ ಕಡಿಮೆ ಅಂತ ಕೊಳ್ಳಿ. ಇದನ್ನೂ ಹೇಳಬೇಕು: ತಿನ್ನುವ ನಮಗಿಂತ ಹೆಚ್ಚಿನ ಲಾಭ ಔಷಧಿ ಹೊಡೆಯುವವನಿಗೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯಂಥ ಊರುಗಳಲ್ಲಿ ಅಂಗವಿಕಲ ಮಕ್ಕಳನ್ನು ಹೊತ್ತುಕೊಂಡ ಮನೆಗಳಿವೆ. ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನನ್ನೇ ನಿಲ್ಲಿಸಿದ್ದು 2011ರಲ್ಲಿ. ಆ ಪೆಟ್ಟು ಬಿದ್ದದ್ದು ಗೋಡಂಬಿ ತಿಂದ ಪೇಟೆಯವರಿಗಲ್ಲ, ತೋಟದ ಸುತ್ತ ಇದ್ದವರಿಗೆ. ಗೋಡಂಬಿಯನ್ನೂ ಟೊಮೆಟೊವನ್ನೂ ಸಾವಯವದ್ದೇ ನಾನು ಕೊಳ್ಳುವುದಕ್ಕೆ ನನ್ನ ಆರೋಗ್ಯವೊಂದೇ ಕಾರಣವಲ್ಲ.

ಎಲ್ಲಿ ಕೊಳ್ಳುವುದು? ಹಣ್ಣು, ಹಸಿ ತರಕಾರಿ, ಸಾಂಬಾರ ಪದಾರ್ಥ ನಿಮ್ಮ ಅಂಗಡಿಯಲ್ಲೇ ಇರಲಿ. ಬೇಳೆ, ಅಕ್ಕಿ, ಬೆಲ್ಲವನ್ನು ರೈತರ ಸಂಘಟನೆಗಳಿಂದ ನೇರವಾಗಿ ತರಬಹುದು. ಲಾಲ್‌ಬಾಗ್ ಬಳಿಯ ಜೈವಿಕ ಕೃಷಿಕ ಸೊಸೈಟಿ, ದೇಸಿ ತಳಿಗಳಿಗಾಗಿ ಕೆಲಸ ಮಾಡುತ್ತಿರುವ ಸಹಜ ಸಮೃದ್ಧ ಇಂಥವರನ್ನು ವಿಚಾರಿಸಿ. ಅಪಾರ್ಟ್‌ಮೆಂಟಿನಲ್ಲಿ ನಾಲ್ಕೈದು ಮನೆಯವರು ಸೇರಿದರೆ ಜನವರಿ ಹೊತ್ತಿಗೆ ಹೊಸ ತೊಗರಿ ಬಂದಾಗ ವರ್ಷದ ಬೇಳೆಯನ್ನು ಒಟ್ಟಿಗೆ ತರಿಸಬಹುದು. ಸಣ್ಣ ರೈತರು ತಮ್ಮ ಬೆಳೆಯನ್ನು ತಾವೇ ನೇರವಾಗಿ ಮಾರಿದರೆ, ವಾರ್ಷಿಕ ವಹಿವಾಟು 12 ಲಕ್ಷ ಮೀರದಿದ್ದರೆ, ಪ್ರಮಾಣಪತ್ರ ಬೇಕಿಲ್ಲ. ಅಂಥವರ ಹತ್ತಿರ ಕೊಳ್ಳುವಾಗ ಮುದ್ರೆ ಹುಡುಕಬೇಡಿ, ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ಅವರ ಹೊಲಕ್ಕೆ ಹೋಗಿಬನ್ನಿ. ಪಂಪ್‌ಸೆಟ್ ಮನೆಯ ಮೂಲೆ ನೋಡುವುದನ್ನು ಮರೆಯಬೇಡಿ.

ಕೊನೆಗೆ ಹುಳ ಬಿದ್ದ ಅಕ್ಕಿ. ವಾಪಸ್ ಕೊಡಬೇಡಿ. ಮಾಮೂಲಿ ಗೋದಾಮುಗಳಲ್ಲಿ ಚೀಲಗಳನ್ನು ಟಾರ್ಪಾಲಿನಿಂದ ಮುಚ್ಚಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಟ್ಟು ಹೊಗೆ ಹಾಕುತ್ತಾರೆ, ಸಾವಯವದಲ್ಲಿ ಅದಕ್ಕೆ ಅವಕಾಶವಿಲ್ಲ. ನೀವು ತಂದಿರುವುದು ಪಾಲಿಶ್ ಮಾಡದ ರಾಜಮುಡಿ. ತೌಡಿನ ಎಣ್ಣೆಯ ಅಂಶ ಇರುವುದರಿಂದ ಅದು ಹುಳಕ್ಕೂ ರುಚಿ, ಬೇಗ ಕಮಟು ವಾಸನೆಗೂ ತಿರುಗುತ್ತದೆ. ಅಕ್ಕಿಯನ್ನು ಮೊರದಲ್ಲಿ ಕೇರಿ, ನೆರಳಿನಲ್ಲಿ ಹರಡಿ ಹುಳ ಹೋಗಲು ಬಿಡಿ. ಬಿಸಿಲಿಗೆ ಹಾಕಿದರೆ ಅಕ್ಕಿ ಸೀಳಿ ನುಚ್ಚಾಗುತ್ತದೆ. ಆಮೇಲೆ ಎರಡೆರಡು ಕೆಜಿ ಕಟ್ಟಿ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದು, ತೇವ ಪೂರ್ತಿ ಆರಿದ ಮೇಲೆ ಒಣಗಿದ ಬೇವಿನ ಸೊಪ್ಪಿನ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ತುಂಬಿ. ಮೂಗಿಗೆ ಹಿಡಿದಾಗ ಹಳೆಯ ಎಣ್ಣೆಯ ಕಮಟು ಬಂದರೆ ಮಾತ್ರ ಬಿಲ್ಲು ತೆಗೆದುಕೊಂಡು ಹೋಗಿ ವಾಪಸ್ ಕೊಡಿ. ಮುಂದಿನ ಸಲ ಈ ಅಕ್ಕಿಯನ್ನು ಒಂದು ತಿಂಗಳಿಗೆ ಆಗುವಷ್ಟು ಮಾತ್ರ ತನ್ನಿ, ಗಿರಣಿ ಮಾಡಿಸಿದ ತಾರೀಕು ನೋಡಿ ತನ್ನಿ.